ಕಲ್ಯಾಣಕ್ಕೆ ಬಂದವರು, ನಾರಾಯಣಪುರ ಕಾಣದವರು

ಹುಮನಾಬಾದಿನಿಂದ ಸೊಲ್ಲಾಪುರದ ಕಡೆ ಹೊರಟರೆ ಹೆದ್ದಾರಿಯ ಮೇಲೆ ಸಸ್ತಾಪುರ ಬಂಗ್ಲಾ ಸಿಗುತ್ತದೆ. ಬಸವಕಲ್ಯಾಣಕ್ಕೆ ಹೋಗುವವರು ಅಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು. ಕಲಬುರಗಿ, ವಿಜಯಪುರ, ಲಾತೂರು, ಸೊಲ್ಲಾಪುರಗಳಿಂದ ಗಾಡಿ ಮಾಡಿಕೊಂಡು ಮನೆಮಂದಿಯೆಲ್ಲ ಬರುತ್ತಾರೆ. ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ. ಇಳಿದವರು ಕೇಳುವುದು ಮಾತ್ರ ಒಂದೇ: ಅನುಭವ ಮಂಟಪ ಎಲ್ಲಿದೆ?

ಊರಿಗೆ ತೀರ ಹತ್ತಿರದಲ್ಲಿರುವ ನಾರಾಯಣಪುರವನ್ನು ಕೇಳುವವರು ಕಡಿಮೆ. ಅಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ, ಅದರ ಗೋಡೆಗಳ ಮೇಲೆ ನುರಿತ ಕೈಗಳು ಬಿಡಿಸಿದ ಸ್ತ್ರೀಶಿಲ್ಪಗಳಿವೆ. ಎಂಟು ಶತಮಾನಗಳಿಗೂ ಹೆಚ್ಚು ಹಳೆಯ ರಾಜಧಾನಿಯನ್ನು ನೋಡಲು ಬಂದವರು ಆ ರಾಜಧಾನಿಯ ಕಾಲದ ಕಲ್ಲನ್ನೇ ನೋಡದೆ ಮರಳುವುದು ಯಾಕೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಇದನ್ನು ಜನರ ಉದಾಸೀನ ಎಂದು ತಳ್ಳಿಹಾಕುವಂತಿಲ್ಲ. ಊರು ಬಿಡುವ ಮೊದಲೇ ಮನಸ್ಸಿನಲ್ಲಿ ಒಂದು ಕಲ್ಯಾಣ ಕಟ್ಟಿಕೊಂಡೇ ಅವರು ಬಂದಿರುತ್ತಾರೆ. ಅದನ್ನು ಕಟ್ಟಿದವರು ಯಾರು, ಯಾವಾಗ ಎಂದು ಹುಡುಕುತ್ತ ಹೋದರೆ ಈ ಸೀಮೆಯ ಒಂಬೈನೂರು ವರ್ಷಗಳ ಕತೆ ಬಿಚ್ಚಿಕೊಳ್ಳುತ್ತದೆ.

11ನೇ ಶತಮಾನದ ನಡುಭಾಗದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರ ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಿಂದ ಐವತ್ತು ವರ್ಷ ಆಳಿದ, ತನ್ನ ಹೆಸರಿನಲ್ಲೇ ಹೊಸ ಶಕೆ ತೆರೆದ. ಅಂಥ ಅರಸನ ಸುದ್ದಿ ದೂರ ಹೋಗದೆ ಇರುತ್ತದೆಯೇ? ಕಾಶ್ಮೀರದ ಕವಿ ಬಿಲ್ಹಣ ಮಥುರೆ, ಕನೌಜು, ಕಾಶಿ, ಸೋಮನಾಥಗಳನ್ನು ಸುತ್ತಿ ಕೊನೆಗೆ ನೆಲೆ ನಿಂತದ್ದು ಇಲ್ಲಿ. ವಿಕ್ರಮಾದಿತ್ಯ ಅವನನ್ನು ವಿದ್ಯಾಪತಿಯನ್ನಾಗಿ ಮಾಡಿದ, ಅವನು ಅರಸನ ಮೇಲೆ ‘ವಿಕ್ರಮಾಂಕದೇವಚರಿತ’ ಬರೆದ. ಇದೇ ಊರಿನಲ್ಲಿ ಕುಳಿತು ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರ ಕಲ್ಯಾಣಕ್ಕೆ ಸಾಟಿಯಾದ ಪಟ್ಟಣ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ ಎನ್ನುವ ಧಾಟಿಯಲ್ಲಿ ಗ್ರಂಥವನ್ನು ಮುಗಿಸಿದ. ಅಂದು ದೂರದಿಂದ ಬರುತ್ತಿದ್ದ ಪಂಡಿತನಿಗೆ ಕಲ್ಯಾಣವೆಂದರೆ ಆಸ್ಥಾನ, ಮನ್ನಣೆ, ದತ್ತಿ. ಬಯಸಿ ಬಂದದ್ದು ಸಿಗುತ್ತಿತ್ತು. ಸಿಕ್ಕವನು ಹೊಗಳಿ ಬರೆಯುತ್ತಿದ್ದ, ಅದನ್ನು ಓದಿದವನು ಮತ್ತೆ ಹೊರಡುತ್ತಿದ್ದ.

ನಾರಾಯಣಪುರದ ಗುಡಿ ಇದೇ ಚಾಲುಕ್ಯರ ಲೋಕಕ್ಕೆ ಸೇರಿದ್ದು. ಬಸವಕಲ್ಯಾಣ ತಾಲ್ಲೂಕಿನ ಉಮಾಪುರದ ಮಹಾದೇವ ಗುಡಿ, ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿ ಎಲ್ಲವೂ ಅದೇ ಪರಂಪರೆಯವು. ಮೂರನ್ನೂ ಒಟ್ಟಿಗೆ ನೋಡಿದವರಿಗೆ ಒಂದು ಮಾತು ಹೊಳೆಯದೆ ಇರದು: ಬೇಲೂರಿನಲ್ಲಿ ಇಡೀ ನಾಡು ಕಂಡು ಬೆರಗಾಗುವ ಮದನಿಕೆಯರಿಗೆ ಈ ಬಯಲುಸೀಮೆಯಲ್ಲಿ ಅಕ್ಕಂದಿರಿದ್ದಾರೆ. ಬೇಲೂರಿನ ಚೆನ್ನಕೇಶವ ಗುಡಿ ಪ್ರತಿಷ್ಠೆಯಾದದ್ದು 1117ರಲ್ಲಿ, ಹೊಯ್ಸಳರು ಚಾಲುಕ್ಯರ ಸಾಮಂತರಾಗಿದ್ದ ಕಾಲದಲ್ಲಿ. ಕಲ್ಲಿನ ಕಸುಬು ಒಡೆಯನ ನಾಡಿನಿಂದ ಸಾಮಂತನ ನಾಡಿಗೆ ಹರಿದು ಅಲ್ಲಿ ಹೊಸ ಬಗೆಯಲ್ಲಿ ಅರಳಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿ ಸೇರಿದವು. ನಾರಾಯಣಪುರದ ಹೆಸರು ನಾಡಿನ ಬಹುಪಾಲು ಜನರ ಕಿವಿಗೇ ಬಿದ್ದಿಲ್ಲ.

ಕಲ್ಯಾಣದ ಎರಡನೆಯ ಚಿತ್ರ ಮೂಡಿದ್ದು 12ನೇ ಶತಮಾನದಲ್ಲಿ, ಕಲಚುರಿ ಬಿಜ್ಜಳನ ಆಳ್ವಿಕೆಯಲ್ಲಿ. ಈ ಬಾರಿ ದಾರಿ ಹಿಡಿದವರು ಬೇರೆ, ಅವರು ಬಯಸಿದ್ದೂ ಬೇರೆ: ಬಸವಣ್ಣನ, ಶರಣರ ಸಂಗ. ಉಡುತಡಿಯಿಂದ ಅಕ್ಕಮಹಾದೇವಿ, ಸೌರಾಷ್ಟ್ರದಿಂದ ಆದಯ್ಯ, ಕಂದಾರದಿಂದ ಉರಿಲಿಂಗಪೆದ್ದಿ ಬಂದರೆಂದು ಶರಣ ಪರಂಪರೆ ಹೇಳುತ್ತದೆ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಸೌದೆ ಹೊರೆ ಮಾರಿದ ಮೋಳಿಗೆ ಮಾರಯ್ಯನ ನೆನಪು ಹುಮನಾಬಾದ್ ಬಳಿಯ ಮೋಳಕೇರಾದಲ್ಲಿ ಇಂದಿಗೂ ಉಳಿದಿದೆ. ಒಬ್ಬ ಕಾಶ್ಮೀರಿ ಅರಸನನ್ನು ಹುಡುಕಿಕೊಂಡು ಬಂದ, ಇನ್ನೊಬ್ಬ ಅರಸುತನವನ್ನೇ ಕಳಚಿಟ್ಟು ಬಂದ. ನಡುವೆ ನೂರು ವರ್ಷವೂ ಪೂರ್ತಿ ಕಳೆದಿರಲಿಲ್ಲ.

1167ರ ಹೊತ್ತಿಗೆ ಆ ಕಲ್ಯಾಣ ಒಡೆಯಿತು. ಹರಳಯ್ಯ, ಮಧುವರಸರಿಗೆ ಆದ ಶಿಕ್ಷೆ, ಬಿಜ್ಜಳನ ಕೊಲೆ, ಶರಣರ ಚದುರುವಿಕೆ ಈ ನಾಡು ಮರೆಯದ ಸಂಗತಿಗಳು. ಆಮೇಲೆ ಭಕ್ತರ ಯಾತ್ರೆಯ ದಾರಿಯೂ ಬದಲಾಯಿತು. ಬಸವಣ್ಣ ಐಕ್ಯನಾದ ಕೂಡಲಸಂಗಮಕ್ಕೆ, ಚೆನ್ನಬಸವಣ್ಣನ ಉಳವಿಗೆ ಜನ ನಡೆದರು. ಉಳವಿ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಚಕ್ಕಡಿಗಳು ಸಾಲುಗಟ್ಟಿ ಹೋಗುವುದು ಇಂದಿಗೂ ಇದೆ. ಕಲ್ಯಾಣದ ಹೆಸರು ಪುರಾಣಗಳಲ್ಲಿ, ಭಜನೆಗಳಲ್ಲಿ ಉಳಿಯಿತು. ಊರು ಮಾತ್ರ ಬೇರೆಯವರ ಕೈ ಸೇರಿತು.

ಆ ಬೇರೆಯವರ ಕತೆಯೂ ಚಿಕ್ಕದಲ್ಲ. ಕೋಟೆ ಬಹಮನಿಗಳ, ಬಳಿಕ ಬೀದರ್ ಮತ್ತು ವಿಜಯಪುರದ ಸುಲ್ತಾನರ ಕೈ ದಾಟಿತು. 1657ರಲ್ಲಿ ಇನ್ನೂ ರಾಜಕುಮಾರನಾಗಿದ್ದ ಔರಂಗಜೇಬ ಮೊದಲು ಬೀದರ್, ಆಮೇಲೆ ಕಲ್ಯಾಣಿ ಎನಿಸಿಕೊಂಡಿದ್ದ ಈ ಊರನ್ನು ಮುತ್ತಿ ಗೆದ್ದ. ನಿಜಾಮರ ಕಾಲದಲ್ಲಿ ಅದು ಕಲ್ಯಾಣಿ ನವಾಬರ ಜಹಗೀರು. ಈ ನವಾಬರ ಹೈದರಾಬಾದಿನ ಹವೇಲಿಯೊಡನೆ ತಳುಕು ಹಾಕಿಕೊಂಡ ಕಲ್ಯಾಣಿ ಬಿರಿಯಾನಿ ಆ ನಗರದಲ್ಲಿ ಈಗಲೂ ಹೆಸರುವಾಸಿ. ಹೈದರಾಬಾದಿನ ಬೀದಿಯಲ್ಲಿ ‘ಕಲ್ಯಾಣಿ’ ಎಂದರೆ ಹಲವರ ನೆನಪಿಗೆ ಬರುವುದು ಈ ತಿನಿಸೇ.

ಅದೇ ನಿಜಾಮರ ಸೀಮೆಗೆ ಇನ್ನೊಂದು ಬಗೆಯ ಪ್ರವಾಸಿಯೂ ಬಂದ. 1875–76ರಲ್ಲಿ ಜೇಮ್ಸ್ ಬರ್ಜೆಸ್ ಬೀದರ್ ಮತ್ತು ಔರಂಗಾಬಾದ್ ಜಿಲ್ಲೆಗಳ ಪ್ರಾಚೀನ ಅವಶೇಷಗಳ ಸಮೀಕ್ಷೆ ನಡೆಸಿದ. 1878ರಲ್ಲಿ ವರದಿ ಅಚ್ಚಾಯಿತು. ಅದಕ್ಕೆ ಸ್ವಲ್ಪ ಮೊದಲು, 1874ರಲ್ಲಿ, ಜೈಸಲ್ಮೇರಿನ ಜೈನ ಭಂಡಾರದಲ್ಲಿ ಗಿಯಾರ್ಗ್ ಬ್ಯೂಲರನಿಗೆ ಬಿಲ್ಹಣನ ಕಾವ್ಯದ ಹಸ್ತಪ್ರತಿ ಸಿಕ್ಕಿತ್ತು. ಹೀಗೆ ವಿದ್ವಾಂಸರ ಪಾಲಿಗೆ ಚಾಲುಕ್ಯರ ಕಲ್ಯಾಣ ಎರಡನೇ ಸಲ ಹುಟ್ಟಿತು. ಆದರೆ ಅದು ಇಂಗ್ಲಿಷಿನಲ್ಲಿ, ದಪ್ಪ ಸಂಪುಟಗಳಲ್ಲಿ ಹುಟ್ಟಿತು. 1914ರಲ್ಲಿ ಹೈದರಾಬಾದ್ ಸಂಸ್ಥಾನ ತನ್ನದೇ ಪುರಾತತ್ವ ಇಲಾಖೆ ತೆರೆದು ಗುಲಾಂ ಯಜ್ದಾನಿಯವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಅವರ ದೊಡ್ಡ ಗ್ರಂಥವೊಂದು 1947ರಲ್ಲಿ ಬಂತು, ಬೀದರ್ ನಗರದ ಸ್ಮಾರಕಗಳ ಮೇಲೆ. ಬೀದರಿನ ಮದರಸಾ, ಕೋಟೆ, ಗುಂಬಜುಗಳು ದೇಶವಿದೇಶದ ಓದುಗರ ಕಣ್ಣಿಗೆ ಬಿದ್ದವು. ನಾರಾಯಣಪುರಕ್ಕೆ ಅಂಥ ಒಬ್ಬ ಬರಹಗಾರ ಸಿಗಲಿಲ್ಲ.

ಕನ್ನಡಿಗರ ಮನಸ್ಸಿನ ಕಲ್ಯಾಣಕ್ಕೆ ಮರುಜೀವ ಬಂದದ್ದು ಬೇರೆ ಕಡೆಯಿಂದ. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುಮಾಡಿದರು. ವಚನ ಅಚ್ಚಾಯಿತು, ಶಾಲೆಯ ಪಾಠವಾಯಿತು, ವೇದಿಕೆಯ ಹಾಡಾಯಿತು. 1959ರಲ್ಲಿ ‘ಜಗಜ್ಯೋತಿ ಬಸವೇಶ್ವರ’ ಸಿನಿಮಾ ಬಂತು; ಅದರಲ್ಲಿ ರಾಜ್‌ಕುಮಾರ್ ಬಿಜ್ಜಳನಾದರು. 1990ರಲ್ಲಿ ಗಿರೀಶ ಕಾರ್ನಾಡರ ‘ತಲೆದಂಡ’. ಬಸವಕಲ್ಯಾಣವನ್ನು ಕಣ್ಣಾರೆ ಕಾಣದ ಮೈಸೂರಿನ ಹುಡುಗನಿಗೂ ಕಲ್ಯಾಣದ ಬೀದಿ ಪರಿಚಯವಾಯಿತು.

ಇತ್ತ ಆ ಬೀದಿಯಲ್ಲಿ ಕನ್ನಡ ಕಲಿಸುವುದೇ ಕಷ್ಟವಿತ್ತು. ನಿಜಾಮರ ಆಡಳಿತದ ಉರ್ದು ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ್ದನ್ನು ಬೀದರ್ ಜಿಲ್ಲೆಯ ಜನ ಅಭಿಮಾನದಿಂದ ನೆನೆಯುತ್ತಾರೆ. ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡ ಎದ್ದದ್ದೂ ಅವರ ಶ್ರಮದಿಂದಲೇ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಬೀದರ್ ಕನ್ನಡನಾಡಿಗೆ ಸೇರಿದ ಮೇಲೆ ಕಲ್ಯಾಣಿ ‘ಬಸವಕಲ್ಯಾಣ’ವಾಯಿತು. ಹೆಸರು ಬದಲಾದಾಗ ಊರಿಗೆ ಬರುವವರ ನಿರೀಕ್ಷೆಯೂ ಗಟ್ಟಿಯಾಯಿತು. ಬಸವಣ್ಣನ ಹೆಸರು ಹೊತ್ತ ಊರಿನಲ್ಲಿ ಬಸವಣ್ಣನ ಮನೆ, ಅವನು ಕೂತ ಕಟ್ಟೆ, ಶರಣರ ಗವಿ ಕಾಣಬೇಕಲ್ಲವೇ?

ಅವೆಲ್ಲ ಕಾಣತೊಡಗಿದವು. ಪರುಷ ಕಟ್ಟೆ, ಅರಿವಿನ ಮನೆ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಅಂಬಿಗರ ಚೌಡಯ್ಯನ ಗವಿ, ತ್ರಿಪುರಾಂತ ಕೆರೆ. ಇವುಗಳಲ್ಲಿ ಹಲವಕ್ಕೆ ಶಾಸನದ ಆಧಾರಕ್ಕಿಂತ ಜನರ ನಂಬಿಕೆಯೇ ದೊಡ್ಡ ಆಸರೆ. ಅದರಿಂದ ಅವುಗಳ ಬೆಲೆ ಕುಗ್ಗುವುದಿಲ್ಲ. ಹಗ್ಗ ಹೊಸೆದವನ, ಚಪ್ಪಲಿ ಹೊಲಿದವನ, ದೋಣಿ ನಡೆಸಿದವನ ಹೆಸರಿನಲ್ಲಿ ಯಾತ್ರಾಸ್ಥಳಗಳಿರುವ ಊರು ಇನ್ನೆಲ್ಲಿ ಸಿಗುತ್ತದೆ? ಅರಸರ ಗೋರಿ, ಅರಮನೆ ನೋಡಿ ದಣಿದ ಪ್ರವಾಸಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಇಲ್ಲ.

ಬಳಿಕ 108 ಅಡಿ ಎತ್ತರದ ಬಸವಣ್ಣನ ಮೂರ್ತಿ ಊರ ಬಳಿ ಎದ್ದಿತು. 2021ರ ಜನವರಿ 6ರಂದು ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. 770 ಅಮರಗಣಂಗಳ ನೆನಪಿಗೆ 770 ಕಂಬಗಳ ಯೋಜನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡೀನ್ ಮಕ್ಯಾನೆಲ್ 1976ರ ತನ್ನ ಪುಸ್ತಕದಲ್ಲಿ, ಒಂದು ತಾಣ ತನ್ನಷ್ಟಕ್ಕೆ ಪ್ರೇಕ್ಷಣೀಯವಾಗುವುದಿಲ್ಲ, ಅದನ್ನು ತೋರಿಸುವ ಗುರುತು ಬೇಕು ಎಂದು ವಿವರಿಸಿದ್ದ. ಬಸವಕಲ್ಯಾಣದಲ್ಲಿ ಆದದ್ದು ಅದೇ. ಇಲ್ಲಿ ಗುರುತುಗಳು ವಚನದಿಂದ ಬಂದವು, ಕಟ್ಟಡಗಳು ಅವುಗಳ ಬೆನ್ನಿಗೆ ಎದ್ದವು.

ನಾರಾಯಣಪುರ ಹಿಂದೆ ಬಿದ್ದದ್ದಕ್ಕೆ ಇದಕ್ಕಿಂತ ಆಳದ ಕಾರಣವೂ ಇದೆ. ವಚನ ಓದಿಕೊಂಡು ಬರುವವನು ಗುಡಿಯನ್ನು ಅರಸುವುದಿಲ್ಲ. ದೇಹವನ್ನೇ ಗುಡಿಯಾಗಿ ಕಂಡ, ನಿಂತದ್ದಕ್ಕಿಂತ ನಡೆಯುವುದನ್ನು ಮೇಲೆಂದ ಪರಂಪರೆ ಅವನದು. ಉಳ್ಳವರ ಶಿವಾಲಯ ಅವನಿಗೆ ಶರಣರು ಬಿಟ್ಟುಬಂದ ಲೋಕ. ಆದರೆ ಆ ಲೋಕವನ್ನು ನೋಡದೆ ಶರಣರು ಎದುರಿಸಿದ್ದೇನು ಎಂಬುದು ಹೇಗೆ ತಿಳಿದೀತು? ಗುಡಿಗೆ ಬಿಟ್ಟ ಭೂಮಿ, ದೀಪಕ್ಕೆ ಎತ್ತಿದ ಎಣ್ಣೆಯ ಪಾಲು, ಒಳಗೆ ಹೋಗಬಲ್ಲವನು ಮತ್ತು ಹೊರಗೇ ನಿಲ್ಲಬೇಕಾದವನು: ಇದನ್ನೆಲ್ಲ ಮಾತಿನಲ್ಲಿ ಹೇಳಿದರೆ ಅರ್ಧ ಮಾತ್ರ ತಲುಪುತ್ತದೆ. ನಾರಾಯಣಪುರದ ಗೋಡೆಯ ಮುಂದೆ ನಿಲ್ಲಿಸಿ ಹೇಳಿದರೆ ಪೂರ್ತಿ ತಲುಪುತ್ತದೆ. ಚಾಲುಕ್ಯರ ಕಲ್ಲೂ ಶರಣರ ಮಾತೂ ಒಂದೇ ಊರಿನ ಕೂಸುಗಳು, ಒಂದನ್ನು ಬಿಟ್ಟು ಇನ್ನೊಂದನ್ನು ಓದುವುದು ದೊಡ್ಡ ನಷ್ಟ.

ಗುರುತು ಸಿಕ್ಕರೆ ಗುಡಿಗೂ ಜನ ಬರುತ್ತಾರೆ ಎಂಬುದಕ್ಕೆ ಜಲಸಂಗ್ವಿಯೇ ಸಾಕ್ಷಿ. ಅಲ್ಲಿನ ಹೊರಗೋಡೆಯ ಮೇಲೆ ಒಬ್ಬ ಚೆಲುವೆ ಬಳುಕಿ ನಿಂತು ಫಲಕದ ಮೇಲೆ ಅಕ್ಷರ ಕೊರೆಯುತ್ತಿದ್ದಾಳೆ. ಬರಹ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಜನ ಅವಳನ್ನು ಶಾಸನಸುಂದರಿ ಎಂದು ಕರೆದರು. ಬರೆಯುವ ಹೆಣ್ಣಿನ ಆ ಒಂದು ಚಿತ್ರ ಪುಸ್ತಕದ ಮುಖಪುಟ ಸೇರಿತು, ಮೊಬೈಲು ಸೇರಿತು, ಅವಳನ್ನು ನೋಡಲೆಂದೇ ಹುಮನಾಬಾದಿನಿಂದ ಒಳದಾರಿ ಹಿಡಿಯುವವರು ಹುಟ್ಟಿಕೊಂಡರು. ನಾರಾಯಣಪುರದ ಚೆಲುವೆಯರಿಗೆ ಕಲೆ ಕಡಿಮೆಯಿಲ್ಲ. ಅವರಿಗೆ ಇನ್ನೂ ಯಾರೂ ಹೆಸರಿಟ್ಟಿಲ್ಲ, ಅಷ್ಟೆ.

ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕನಗರಕ್ಕೆ ಬರುವವರ ಲೆಕ್ಕವೇ ಬೇರೆ. ಬಸವಕಲ್ಯಾಣ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ನೆಲೆಗೊಳಿಸಿದ ಸಂಸ್ಥಾನವಿದು. ಅವರನ್ನು ದತ್ತಾವತಾರವೆಂದು ಹಿಂದೂಗಳು ನಂಬಿದರು, ಮುಸ್ಲಿಮರೂ ತಮ್ಮವರೆಂದು ಬಂದರು. ದತ್ತ ಜಯಂತಿಯ ದರ್ಬಾರು, ಹಿಂದೂಸ್ತಾನಿ ಸಂಗೀತ, ಪ್ರಸಾದ ಇವಕ್ಕಾಗಿ ಮಹಾರಾಷ್ಟ್ರ, ತೆಲಂಗಾಣಗಳಿಂದ ಕುಟುಂಬಗಳು ತಲೆಮಾರಿನಿಂದ ಬರುತ್ತಿವೆ. ಅವರಿಗೆ ಜಾಹೀರಾತು ಬೇಕಿಲ್ಲ. ಅಜ್ಜ ಬಂದಿದ್ದ, ಮೊಮ್ಮಗ ಬರುತ್ತಾನೆ.

ಉಳಿದವರಿಗೆ ದಾರಿ ತೋರಿಸಬೇಕು. 2008ರಲ್ಲಿ ಶುರುವಾದ ಸುವರ್ಣ ರಥ ರೈಲು ಮೈಸೂರು, ಹಂಪಿ, ಬಾದಾಮಿಗಳನ್ನು ಸುತ್ತಿಸಿತು, ಬೀದರ್ ಸೀಮೆಯತ್ತ ತಿರುಗಲಿಲ್ಲ. ಬೀದರ್–ಕಲಬುರಗಿ ರೈಲು ಹುಮನಾಬಾದ್ ಮೂಲಕ ಓಡತೊಡಗಿದ್ದು 2017ರ ಅಕ್ಟೋಬರಿನಲ್ಲಿ. 2020ರಲ್ಲಿ ಬೀದರಿಗೆ ವಿಮಾನವೂ ಬಂತು. ಹೊಸ ಅನುಭವ ಮಂಟಪ ತೆರೆದರೆ ಸಸ್ತಾಪುರ ಬಂಗ್ಲಾದಲ್ಲಿ ತಿರುಗುವ ಗಾಡಿಗಳು ಇನ್ನೂ ಹೆಚ್ಚುತ್ತವೆ. ಅಷ್ಟರೊಳಗೆ ನಾರಾಯಣಪುರದ ದಾರಿಗೆ ಕನ್ನಡ, ಮರಾಠಿ, ತೆಲುಗಿನಲ್ಲಿ ಒಂದು ಒಳ್ಳೆಯ ಫಲಕ, ಗುಡಿಯ ಬಳಿ ನೆರಳು, ನೀರು, ಚಾಲುಕ್ಯರ ಕಲ್ಲನ್ನೂ ಶರಣರ ಬದುಕನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಊರಿನದೇ ನಾಲ್ಕು ಹುಡುಗ ಹುಡುಗಿಯರು ಸಿದ್ಧವಾಗಬೇಕು. ಶಾಲಾ ಪ್ರವಾಸದ ಬಸ್ಸುಗಳಿಂದ ಶುರುಮಾಡಬಹುದು: ಬೆಳಿಗ್ಗೆ ನಾರಾಯಣಪುರ, ಆಮೇಲೆ ಶರಣರ ಗವಿಗಳು, ಮಧ್ಯಾಹ್ನ ಕೋಟೆಯೊಳಗಿನ ವಸ್ತು ಸಂಗ್ರಹಾಲಯ, ಸಂಜೆಗೆ ಅನುಭವ ಮಂಟಪ.