ವಯಸ್ಸಾದ ನಾಯಿಗಳ ಚರ್ಮದ ಗಂಟುಗಳು

ಏಳೆಂಟು ವರ್ಷ ದಾಟಿದ ನಾಯಿಗಳ ಮೈಮೇಲೆ ಗಂಟುಗಳು ಕಾಣಿಸಿಕೊಳ್ಳುವುದು ಸಾಮಾನ್ಯ. ಇವುಗಳಲ್ಲಿ ಅನೇಕವು ನಿರಪಾಯಕಾರಿಯಾದವು. ಆದರೆ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಮಾತ್ರವೇ ಇದನ್ನು ನಿಶ್ಚಯಿಸಲು ಬಾರದು.

ಕೊಬ್ಬಿನ ಗಂಟು (ಲಿಪೋಮಾ): ಮೃದುವಾಗಿದ್ದು, ಒತ್ತಿದರೆ ಚರ್ಮದಡಿಯಲ್ಲಿ ಸರಿದಾಡುತ್ತದೆ. ಎದೆ, ಹೊಟ್ಟೆಯ ಭಾಗಗಳಲ್ಲಿ ಹೆಚ್ಚು. ಲ್ಯಾಬ್ರಡಾರ್ ತಳಿಯಲ್ಲಿಯೂ ಸ್ಥೂಲಕಾಯದ ನಾಯಿಗಳಲ್ಲಿಯೂ ವಿಶೇಷವಾಗಿ ಕಂಡುಬರುತ್ತದೆ. ನಡಿಗೆಗೆ ಅಡ್ಡಿಯಾಗದಿದ್ದರೆ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಅನಗತ್ಯ.

ಸಿಸ್ಟ್: ರೋಮಕೂಪದ ಬಾಯಿ ಮುಚ್ಚಿದಾಗ ಒಳಗೆ ಗಟ್ಟಿ ಮೊಸರಿನಂಥ ಪದಾರ್ಥ ಶೇಖರವಾಗಿ ಉಂಟಾಗುವ ಚೀಲ. ಇದನ್ನು ಹಿಂಡಬಾರದು. ಚೀಲವು ಚರ್ಮದೊಳಗೇ ಒಡೆದರೆ ಬಾವು, ನೋವು ಹೆಚ್ಚುತ್ತವೆ.

ಮೇದೋಗ್ರಂಥಿಯ ಗಂಟು: ಹೂಕೋಸಿನಂತೆ ಒರಟಾಗಿದ್ದು ನರಹುಲಿಯನ್ನು ಹೋಲುತ್ತದೆ. ಕೆರೆದುಕೊಂಡಾಗ ರಕ್ತ ಒಸರಬಹುದು.

ಇಲ್ಲಿ ಎಚ್ಚರ ಅಗತ್ಯ. ಮಾಸ್ಟ್ ಕೋಶಗಳ ಗಡ್ಡೆ ಎಂಬ ಅರ್ಬುದವು ಮೇಲಿನ ಯಾವ ರೂಪದಲ್ಲಾದರೂ ಕಾಣಿಸಿಕೊಳ್ಳಬಲ್ಲದು. ಕೆಲವೊಮ್ಮೆ ಕೊಬ್ಬಿನ ಗಂಟಿನಷ್ಟೇ ಮೃದುವಾಗಿರುತ್ತದೆ. ಒಮ್ಮೆ ಊದಿ ಮತ್ತೊಮ್ಮೆ ಇಳಿಯುವುದು ಇದರ ಒಂದು ಲಕ್ಷಣ. ಬಾಕ್ಸರ್, ಪಗ್, ಲ್ಯಾಬ್ರಡಾರ್ ತಳಿಗಳಲ್ಲಿ ಇದರ ಸಂಭವ ಹೆಚ್ಚು. ಚಿಕ್ಕದಿರುವಾಗಲೇ ಪೂರ್ಣವಾಗಿ ತೆಗೆದರೆ ಎಷ್ಟೋ ನಾಯಿಗಳು ಗುಣವಾಗುತ್ತವೆ.

ಸಂಶಯ ನಿವಾರಣೆಗೆ ಸರಳ ಮಾರ್ಗ ಸೂಜಿ ಪರೀಕ್ಷೆ. ಪಶುವೈದ್ಯರು ತೆಳುವಾದ ಸೂಜಿಯಿಂದ ಗಂಟಿನ ಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ. ಇದರಿಂದ ಉತ್ತರ ಸ್ಪಷ್ಟವಾಗದಿದ್ದರೆ ಗಂಟಿನ ತುಣುಕನ್ನು ಪರೀಕ್ಷಿಸಬೇಕಾಗುತ್ತದೆ.

ಅಹಮದಾಬಾದ್ ಹಾಗೂ ವಡೋದರಾಗಳ ನಡುವಣ ಆಣಂದ್‌ನಲ್ಲಿಯೂ, ಸೂರತ್‌ಗೆ ದಕ್ಷಿಣದ ನವಸಾರಿಯಲ್ಲಿಯೂ ಪಶುವೈದ್ಯಕೀಯ ಕಾಲೇಜುಗಳಿವೆ. ಊರಿನ ವೈದ್ಯರಿಗೆ ಸಂಶಯವುಳಿದರೆ ಅಲ್ಲಿಗೆ ಹೋಗುವ ಬಗ್ಗೆ ಅವರನ್ನೇ ಕೇಳಬಹುದು. ಗುಜರಾತಿಯ ‘ಗಾಂಠ್’ ನಮ್ಮ ‘ಗಂಟು’ ಎಂಬುದರ ಸಮೀಪದ ಪದವೇ ಆದ್ದರಿಂದ ವಿವರಿಸುವುದು ಕಷ್ಟವಾಗದು.

ಮನೆಯವರು ಪಾಲಿಸಬೇಕಾದ ಕ್ರಮ:

೧. ತಿಂಗಳಿಗೊಮ್ಮೆ ನಾಯಿಯ ಮೈಯನ್ನು ಪೂರ್ತಿಯಾಗಿ ತಡವಿ ನೋಡಿರಿ. ಅಂಟಿಕೊಂಡ ಉಣ್ಣಿಯೂ ಗಂಟಿನಂತೆಯೇ ತೋರುತ್ತದೆ. ರೋಮ ಸರಿಸಿ ಕಾಲುಗಳಿವೆಯೇ ಎಂದು ಪರೀಕ್ಷಿಸಿರಿ.

೨. ಗಂಟಿನ ಸ್ಥಳ, ಅಳತೆ, ದಿನಾಂಕಗಳನ್ನು ಬರೆದಿಡಿರಿ.

೩. ಗಂಟು 1 ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ ಅಥವಾ ತಿಂಗಳಾದರೂ ಹೋಗದಿದ್ದರೆ ಸೂಜಿ ಪರೀಕ್ಷೆ ಮಾಡಿಸಿರಿ. ಬೇಗ ಬೆಳೆದರೆ, ಹುಣ್ಣಾದರೆ, ಬಣ್ಣ ಬದಲಾದರೆ ಕಾಯದೆ ವೈದ್ಯರಲ್ಲಿಗೆ ಒಯ್ಯಿರಿ.

೪. ದಾರ ಬಿಗಿಯುವುದು, ಸುಡುವುದು, ಲೇಪ ಹಚ್ಚಿ ತಿಕ್ಕುವುದು ಸಲ್ಲದು.

೫. ಒಂದು ಗಂಟು ನಿರಪಾಯಕಾರಿ ಎಂದು ತಿಳಿದರೂ, ಮುಂದೆ ಮೂಡುವ ಪ್ರತಿ ಗಂಟನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು.