ಸೊಲ್ಲಾಪುರ ರಸ್ತೆಯಿಂದ ಪಂಢರಿಗೆ

ಆಷಾಢವು ಸಮೀಪಿಸಿತೆಂದರೆ, ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿರುವ ನಮ್ಮ ಮನೆಗೆ ನೆರೆಹೊರೆಯವರು ಬಂದು, “ಮಾಸ್ತರರೆ, ಪಂಢರಪುರಕ್ಕೆ ಯಾವ ದಾರಿಯಿಂದ ಹೋಗುವುದು ಲೇಸು?” ಎಂದು ಕೇಳುವುದು ವಾಡಿಕೆಯಾಗಿದೆ. ಗಾಡಿಯ ವೇಳೆ, ವಸತಿಯ ಏರ್ಪಾಡು, ಇಷ್ಟೇ ಅವರಿಗೆ ಬೇಕಾದುದು. ಆದರೆ ಈ ಪ್ರಶ್ನೆಗೆ ಉತ್ತರ ಹೇಳಹೊರಟಾಗಲೆಲ್ಲ ನನಗೆ ಏಳುನೂರು ವರ್ಷಗಳ ಸಂಗತಿಗಳು ನೆನಪಿಗೆ ಬರುವುದರಿಂದ, ಒಮ್ಮೆ ವಿಸ್ತಾರವಾಗಿಯೇ ಬರೆದುಬಿಡಬೇಕೆಂದಿದ್ದೇನೆ.

ಮೊದಲು ರೈಲಿನ ಮಾತು. ಗದಗ-ಹೋಟಗಿ ಮಾರ್ಗವು ೧೮೮೪ರ ಸುಮಾರಿಗೆ ನಮ್ಮ ಊರನ್ನು ಮುಟ್ಟಿತು. ಬಾರ್ಶಿ ಲೈಟ್ ರೈಲ್ವೆಯು ೧೯೦೬ರಲ್ಲಿ ಪಂಢರಪುರದ ವರೆಗೆ ಬೆಳೆಯಿತು. ಅಂದಿನ ಯಾತ್ರಿಕನು ಹೋಟಗಿಯ ವರೆಗೆ ಮೀಟರ್ ಗೇಜಿನಲ್ಲಿಯೂ, ಅಲ್ಲಿಂದ ಸೊಲ್ಲಾಪುರದ ಮೇಲೆ ಕುರ್ಡುವಾಡಿಯ ವರೆಗೆ ಬ್ರಾಡ್ ಗೇಜಿನಲ್ಲಿಯೂ, ಕೊನೆಗೆ ಎರಡೂವರೆ ಅಡಿಯ ನ್ಯಾರೋ ಗೇಜಿನಲ್ಲಿಯೂ ಪ್ರಯಾಣ ಮಾಡಬೇಕಾಗುತ್ತಿತ್ತು. ಈಗ ಹಳಿಗಳೆಲ್ಲ ಒಂದೇ ಅಳತೆಯವಾದರೂ ಸುತ್ತು ಮಾತ್ರ ತಪ್ಪಿಲ್ಲ. ಆದುದರಿಂದ ನನ್ನ ಮಟ್ಟಿಗೆ ನೆಲದ ದಾರಿಯೇ ದಾರಿ. ಹೊರ್ತಿಯನ್ನು ದಾಟಿ ಝಳಕಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ಹೊರಳಿ, ಚಡಚಣದ ಮೇಲೆ ಮಂಗಳವೇಢೆಗೆ ಹೋಗಬೇಕು. ಅಲ್ಲಿಂದ ಪಂಢರಪುರವು ಹತ್ತಿರವೇ.

ಮಂಗಳವೇಢೆಯಲ್ಲಿ ಇಳಿಯದೆ ಮುಂದೆ ಸಾಗುವವರೇ ಬಹಳ. ಇದು ದೊಡ್ಡ ತಪ್ಪೆಂದು ಹೇಳುತ್ತೇನೆ. ಕಳಚುರಿ ಬಿಜ್ಜಳನು ಕಲ್ಯಾಣವನ್ನು ಸೇರುವ ಮುಂಚೆ ಅವನ ಮನೆತನದ ಆಳ್ವಿಕೆಯ ನೆಲೆಯು ಇದೇ ಮಂಗಳವಾಡ. ಬಸವಣ್ಣನವರು ಮೊದಲು ಕರಣಿಕರಾಗಿ ದುಡಿದುದು ಇಲ್ಲಿಯೇ ಎಂದು ನಮ್ಮ ಪರಂಪರೆಯು ಹೇಳುತ್ತದೆ. ಮುಂದೆ ಬಹಮನಿ ಅರಸರ ಕಾಲಕ್ಕೆ ದಾಮಾಜಿಪಂತರೆಂಬ ಅಧಿಕಾರಿಯು ಘೋರವಾದ ಬರದಲ್ಲಿ ಸರಕಾರದ ಹಗೇವುಗಳನ್ನು ತೆರೆದು ಹಸಿದವರಿಗೆ ಧಾನ್ಯವನ್ನು ಹಂಚಿದರಂತೆ. ಬೀದರಿನ ಸುಲ್ತಾನನು ಅವರನ್ನು ಹಿಡಿತರಿಸಲು, ವಿಠ್ಠಲನು ವಿಠು ಎಂಬ ಮಹಾರನ ವೇಷದಿಂದ ಬೀದರಕ್ಕೆ ಹೋಗಿ ಆ ಧಾನ್ಯದ ಬೆಲೆಯನ್ನೆಲ್ಲ ಸುರಿದು ರಸೀದಿ ಪಡೆದನೆಂಬುದು ಕಥೆ. ಇತಿಹಾಸಜ್ಞರು ಇದನ್ನು ಒಪ್ಪಬೇಕಾಗಿಲ್ಲ. ಆದರೆ ದೇವರು ತಾಳಿದ ವೇಷವು ಯಾವುದೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು; ಯಾಕಂದರೆ ಅದೇ ಊರಿನ ಚೋಖಾಮೇಳನು ನಿಜವಾಗಿಯೂ ಮಹಾರನು. ಅವನಿಗೆ ಪಂಢರಿಯ ಗುಡಿಯ ಹೊಸ್ತಿಲನ್ನು ದಾಟುವ ಅಪ್ಪಣೆಯಿರಲಿಲ್ಲ. ೧೩೩೮ರಲ್ಲಿ ಮಂಗಳವೇಢೆಯ ಗೋಡೆಯನ್ನು ಕಟ್ಟುತ್ತಿರುವಾಗ ಅದು ಕುಸಿದು, ಅವನೂ ಅವನೊಡನೆ ದುಡಿಯುತ್ತಿದ್ದವರೂ ಅದರಡಿಯಲ್ಲಿ ಮಡಿದರೆಂದು ಸಂಪ್ರದಾಯವು ಹೇಳುತ್ತದೆ. ನಾಮದೇವನು ಬಂದು, ರಾಶಿಬಿದ್ದ ಎಲುಬುಗಳಿಗೆ ಕಿವಿಯಿಟ್ಟು, ವಿಠ್ಠಲನಾಮವು ಕೇಳಿಬಂದವುಗಳನ್ನು ಆರಿಸಿ ಒಯ್ದು ಪಂಢರಿಯ ಮಹಾದ್ವಾರದ ಎದುರಿಗೆ ಸಮಾಧಿ ಮಾಡಿದನಂತೆ. ಗುಡಿಯ ಎದುರಿಗೆ, ಒಳಗಲ್ಲ.

ಇನ್ನು ಪಂಢರಪುರ. ಭೀಮೆಯು ಇಲ್ಲಿ ಅರ್ಧಚಂದ್ರದಂತೆ ಬಾಗಿ ಹರಿಯುವುದರಿಂದ ಚಂದ್ರಭಾಗೆಯೆನಿಸಿರುವಳು. ಇದೇ ನೀರೇ ಮುಂದೆ ನಮ್ಮ ಇಂಡಿ, ಸಿಂದಗಿಗಳ ಕಡೆಗೆ ಹರಿದುಬರುತ್ತದೆ. ಗುಡಿಯೊಳಗೆ ಹೋದಾಗ ಒಂದು ತೊಲೆಯನ್ನು ನೆನೆಯಬೇಕು. ಹೊಯ್ಸಳ ಸೋಮೇಶ್ವರನು ವಿಠ್ಠಲನ ನೈವೇದ್ಯಕ್ಕಾಗಿ ಒಂದು ಗ್ರಾಮವನ್ನು ಬಿಟ್ಟುಕೊಟ್ಟ ೧೨೩೭ರ ಶಾಸನವು ಅದರ ಮೇಲೆ ಇದೆ. ಪಂಢರಪುರವೆಂಬುದು ‘ಪಂಡರಗೆ’ ಎಂಬ ಕನ್ನಡ ಹೆಸರಿನ ಸಂಸ್ಕಾರಗೊಂಡ ರೂಪವೆಂಬುದು ಹಲವು ವಿದ್ವಾಂಸರ ಮತ. ಜ್ಞಾನೇಶ್ವರರ ಹೆಸರಿನ ಒಂದು ಅಭಂಗದಲ್ಲಂತೂ ವಿಠ್ಠಲನನ್ನು ಕಾನಡನೆಂದೂ ಕರ್ನಾಟಕನೆಂದೂ ಕರೆದಿದೆ. ಅಲ್ಲಿ ‘ಕಾನಡ’ ಎಂದರೆ ತಿಳಿಯಬಾರದವನು, ಲೀಲಾಮಯನು ಎಂದು ಅರ್ಥ ಹೇಳುವವರೂ ಉಂಟು. ರಾ. ಚಿಂ. ಢೇರೆಯವರು ೧೯೮೪ರ ತಮ್ಮ ಗ್ರಂಥದಲ್ಲಿ ಈ ದೇವನ ಮೂಲವನ್ನು ದನಗಾಹಿಗಳ, ಕುರುಬರ ಉಪಾಸನೆಯಲ್ಲಿ ಅರಸಿದ್ದಾರೆ. ಪುರಂದರದಾಸರಿಂದ ವಿಜಯದಾಸರ ವರೆಗೆ ನಮ್ಮ ಹರಿದಾಸರು ತಮ್ಮ ಅಂಕಿತಗಳಲ್ಲಿ ವಿಠಲನನ್ನು ಹೇಗೆ ಇರಿಸಿಕೊಂಡರೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳುವುದು ಅನಾವಶ್ಯಕ. ಇಷ್ಟನ್ನು ಹಿಡಿದುಕೊಂಡು ಗಡಿಯ ಜಗಳಕ್ಕೆ ನಿಲ್ಲುವ ಮಿತ್ರರಿದ್ದಾರೆ. ಅವರ ಉತ್ಸಾಹವು ನನಗೆ ರುಚಿಸದು. ಸೋಮೇಶ್ವರನು ಕೊಟ್ಟುದು ದೇವರ ಊಟಕ್ಕೆ, ಸೀಮೆಯ ಹಕ್ಕಿಗಲ್ಲ.

ಈ ಅಭಿಮಾನದ ಮಾತುಗಳನ್ನು ನಾನು ಪಾಠಶಾಲೆಯ ದಿನಗಳಿಂದಲೂ ಆಡುತ್ತ ಬಂದವನೇ. ಆದರೆ ನಮ್ಮ ಅಜ್ಜಿಯವರು ಹೇಳುತ್ತಿದ್ದ ಯಾತ್ರೆಯ ಕಥೆಯಲ್ಲಿ ಒಂದು ವಾಕ್ಯವಿತ್ತು. ಸ್ವಾತಂತ್ರ್ಯಕ್ಕೆ ಹತ್ತು ವರ್ಷ ಮೊದಲು ಅವರು ಚಕ್ಕಡಿ ಕಟ್ಟಿಕೊಂಡು, ದಾರಿಯಲ್ಲಿ ನಾಲ್ಕು ರಾತ್ರಿ ಇಳಿದು, ಪಂಢರಿಗೆ ಹೋಗಿದ್ದರು. ನುಚ್ಚು, ಶೇಂಗಾ ಹಿಂಡಿ, ಕಟಕ ರೊಟ್ಟಿ, ಹೊಳೆಯ ಸ್ನಾನ, ದೇವರ ಪಾದಕ್ಕೆ ತಲೆಯಿಟ್ಟ ಸುಖ, ಎಲ್ಲವನ್ನೂ ವರ್ಣಿಸಿ ನಡುವೆ, “ಚಕ್ಕಡಿ ಹೊಡಕೊಂಡು ಬಂದವ ಹೊರಗ ಚೋಖೋಬಾನ ಹತ್ತರ ಕೂತು ಕಳಸಕ್ಕ ಕೈ ಮುಗದಾ” ಎನ್ನುತ್ತಿದ್ದರು. ಆ ಮೇಲೆ ಮತ್ತೆ ಕುಂಕುಮ, ಬುಕ್ಕಿಟ್ಟಿನ ಮಾತು. ಬಾಲ್ಯದಲ್ಲಿ ನೂರು ಸಲ ಕೇಳಿದ ಈ ವಾಕ್ಯದ ಅರ್ಥವು ನನಗೆ ಹೊಳೆದುದು ನಾನು ಮಾಸ್ತರನಾಗಿ ಎಷ್ಟೋ ವರ್ಷಗಳಾದ ಮೇಲೆ. ನಾಲ್ಕು ದಿನ ಎತ್ತು ಹೊಡೆದವನು ಅವನೇ. ದರ್ಶನವಾಗದೆ ತಿರುಗಿಬಂದವನೂ ಅವನೇ. ನಮ್ಮ ಮನೆಯಲ್ಲಿ ಯಾರೂ ಅದನ್ನು ಅನ್ಯಾಯವೆಂದು ಹೇಳಿದುದನ್ನು ನಾನು ಕೇಳಲಿಲ್ಲ. ನಾನೂ ಕೇಳಿ ಸುಮ್ಮನಿದ್ದೆನು.

ಆ ಹೊಸ್ತಿಲು ಸವೆದುದು ೧೯೪೭ರಲ್ಲಿ. ಸಾನೆ ಗುರೂಜಿಯವರು ಹರಿಜನರಿಗೆ ಪ್ರವೇಶವಾಗಬೇಕೆಂದು ಪ್ರಾಂತವನ್ನೆಲ್ಲ ಸುತ್ತಿ, ಮೇ ೧ರಿಂದ ಪಂಢರಪುರದಲ್ಲಿ ತನಪುರೆ ಮಹಾರಾಜರ ಮಠದಲ್ಲಿ ಉಪವಾಸ ಹಿಡಿದರು. ಹತ್ತು ದಿನಗಳಾಗುವಷ್ಟರಲ್ಲಿ ಗುಡಿಯವರು ಒಪ್ಪಿದರು. ಚೋಖಾಮೇಳನು ತೀರಿ ಅಂದಿಗೆ ಆರುನೂರ ಒಂಬತ್ತು ವರ್ಷ. ಅದೇ ಗುರೂಜಿಯವರು ಶಾಲಾಮಾಸ್ತರರಾಗಿದ್ದವರೆಂಬುದನ್ನು ನೆನೆದಾಗ ನನಗೆ ಹೆಮ್ಮೆಯೂ ನಾಚಿಕೆಯೂ ಒಟ್ಟಿಗೆ ಆಗುತ್ತವೆ. ಗುಡಿಯ ಆಡಳಿತದಲ್ಲಿ ಬಡವೆ, ಉತ್ಪಾತ ಮನೆತನಗಳಿಗಿದ್ದ ವಂಶಪಾರಂಪರ್ಯದ ಹಕ್ಕುಗಳನ್ನು ೧೯೭೩ರ ಕಾಯದೆಯು ತೆಗೆದುಹಾಕಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದಲ್ಲಿ ಮುಗಿಯಲು ೨೦೧೪ ಬರಬೇಕಾಯಿತು.

ಇನ್ನು ಯಾವಾಗ ಹೋಗಬೇಕೆಂಬುದು. ಆಷಾಢ, ಕಾರ್ತಿಕ, ಮಾಘ, ಚೈತ್ರ ಏಕಾದಶಿಗಳು ನಾಲ್ಕು ವಾರಿಗಳು. ಆಷಾಢಿಗೆ ಲಕ್ಷಾಂತರ ಜನ ಕೂಡುವುದರಿಂದ ದಿಂಡಿಯೊಡನೆ ನಡೆಯುವ ಕಸುವುಳ್ಳವರು ಹೋಗಲಿ. ವಯಸ್ಸಾದವರನ್ನೂ ಕೂಸುಗಳನ್ನೂ ಕರೆದೊಯ್ಯುವವರು ಕಾರ್ತಿಕ ಕಳೆದು ಯಾವುದಾದರೊಂದು ಸಾದಾ ದಿನ ಹೋದರೆ ಪಾದಕ್ಕೆ ನೆಮ್ಮದಿಯಿಂದ ತಲೆಯಿಡಬಹುದು. ನಾನು ಗೊತ್ತುಮಾಡಿರುವುದೂ ಮಾರ್ಗಶೀರ್ಷವನ್ನೇ.

ಅಂದು ಚಕ್ಕಡಿ ಹೊಡೆದವರ ಮೊಮ್ಮಗನು ಇದೇ ರಸ್ತೆಯಲ್ಲಿ ವಾಹನಗಳ ದುರಸ್ತಿಯ ಅಂಗಡಿಯನ್ನಿಟ್ಟಿದ್ದಾನೆ. ಹೋಗಿ ಎಲ್ಲವನ್ನೂ ಹೇಳಿ, ಒಟ್ಟಿಗೆ ಹೋಗೋಣವೇ ಎಂದು ಕೇಳಿದೆನು. ಅವನು ಬಹಳ ಹೊತ್ತು ಕೈಯ ಎಣ್ಣೆಯನ್ನು ಒರೆಸಿಕೊಳ್ಳುತ್ತ ನಿಂತು, “ನಮ್ಮಜ್ಜ ಕೂತಿದ್ದ ಜಾಗಾ ಗುರುತು ಸಿಗತದೇನ್ರಿ ಮಾಸ್ತರ?” ಎಂದನು. ಸಿಗುತ್ತದೆ ಎಂದೆನು. ಬೆಳಗಿನ ಐದಕ್ಕೆ ಹೊರಟು ಮಂಗಳವೇಢೆಯಲ್ಲಿ ಉಣ್ಣುವುದೆಂದು ಗೊತ್ತಾಗಿದೆ. ಬುತ್ತಿಯು ತನ್ನ ಮನೆಯದೇ ಆಗಬೇಕೆಂದು ಅವನು ಹಟ ಹಿಡಿದನು, ಒಪ್ಪಿಕೊಂಡು ಬಂದಿದ್ದೇನೆ.