ಮಳೆ ಹಿಡಿದ ದಿನ ದಾವಣಗೆರೆ-ಹರಿಹರದಲ್ಲಿ ಸೂರಿನಡಿ ನೋಡಬಹುದಾದವು

ದಾವಣಗೆರೆಗೆ ಮಲೆನಾಡಿನಷ್ಟು ಮಳೆ ಬೀಳುವುದಿಲ್ಲ. ಆದರೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಜಡಿಮಳೆ ಹಿಡಿದು ಹೊರಗಿನ ಕಾರ್ಯಕ್ರಮಗಳನ್ನು ಕೈಬಿಡಬೇಕಾದ ದಿನಗಳು ಬಂದೇ ಬರುತ್ತವೆ. ಪಿ.ಜೆ. ಬಡಾವಣೆಯಂತಹ ನಗರದ ನಡುಭಾಗದಲ್ಲಿ ತಂಗಿದವರಿಗೂ, ಮಕ್ಕಳೊಡನೆ ಬಂದ ನೆಂಟರಿಗೂ ಆಗ ಏಳುವ ಪ್ರಶ್ನೆ ಒಂದೇ: ನೆನೆಯದೆ ನೋಡುವಂಥದ್ದು ಇಲ್ಲಿ ಏನಿದೆ? ಪ್ರವಾಸಿಗರನ್ನು ಸೆಳೆಯುವ ಅರಮನೆ ಈ ಊರಿನಲ್ಲಿಲ್ಲ. ಇಲ್ಲಿನ ಚರಿತ್ರೆ ಕುಶಲಕರ್ಮಿಗಳ ಮತ್ತು ದುಡಿಮೆಗಾರರ ಚರಿತ್ರೆ. ಅದರ ಬಹುಪಾಲು ಸೂರಿನ ಕೆಳಗೇ ಇದೆ.

ಹರಿಹರೇಶ್ವರ ದೇವಾಲಯ

ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರದಲ್ಲಿ ತುಂಗಭದ್ರೆಯ ದಡಕ್ಕೆ ಸಮೀಪದಲ್ಲಿ ಈ ದೇವಾಲಯವಿದೆ. ಹೊಯ್ಸಳ ಅರಸ ಎರಡನೆಯ ವೀರನರಸಿಂಹನ ದಂಡನಾಯಕ ಪೋಲಾಳ್ವನು ಇದನ್ನು 1224ರಲ್ಲಿ ಕಟ್ಟಿಸಿದನು. 1268ರಲ್ಲಿ ಮತ್ತೊಬ್ಬ ದಂಡನಾಯಕನಾದ ಸೋಮನು ಇದಕ್ಕೆ ಸೇರ್ಪಡೆಗಳನ್ನು ಮಾಡಿಸಿದನು. ಗರ್ಭಗುಡಿಯ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಶೈವ ಮತ್ತು ವೈಷ್ಣವ ಪಂಥಗಳನ್ನು ಒಂದೇ ವಿಗ್ರಹದಲ್ಲಿ ಕೂಡಿಸಿದ ಈ ಕಲ್ಪನೆಯೇ ಊರಿಗೆ ಹೆಸರಾಗಿದೆ.

ಮಳೆಯ ದಿನಕ್ಕೆ ಇಲ್ಲಿನ ವಿಶಾಲವಾದ ತೆರೆದ ಮಂಟಪ ಹೇಳಿ ಮಾಡಿಸಿದಂತಿದೆ. ತಲೆಯ ಮೇಲೆ ಕಲ್ಲಿನ ಛಾವಣಿ. ಸುತ್ತಲೂ ಗೋಡೆಯ ಬದಲು ಗಿಡ್ಡ ಕಟ್ಟೆ. ಆದ್ದರಿಂದ ಮೋಡ ಮುಸುಕಿದಾಗಲೂ ಬೆಳಕು ಒಳಬರುತ್ತದೆ. ಛಾವಣಿಯ ಅಂಕಣಗಳಲ್ಲಿ ಕೆತ್ತಿದ ಕಮಲಗಳನ್ನು ಒಂದೊಂದಾಗಿ ನೋಡಬಹುದು. ಕಂಬಗಳು ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಮೆದುವಾಗಿರುವ ಈ ಕಲ್ಲನ್ನು ತಿರುಗಣಿಗೆ ಕೊಟ್ಟು, ಬಳೆಯ ಮೇಲೆ ಬಳೆ ಪೇರಿಸಿದಂತೆ ಕಡೆದಿದ್ದಾರೆ. ಆವರಣದಲ್ಲಿ ಹಳಗನ್ನಡದ ಶಾಸನಗಳೂ ಇವೆ. ಗರ್ಭಗುಡಿಯ ಮೇಲಿನ ಮೂಲ ಶಿಖರ ಮಾತ್ರ ಉಳಿದಿಲ್ಲ. ಈಗಿರುವುದು ನಂತರದ ಇಟ್ಟಿಗೆ-ಗಾರೆಯ ಕೆಲಸ.

ಕಲ್ಲನ್ನು ಕಡೆದ ಇದೇ ಊರಿನಲ್ಲಿ ಏಳು ಶತಮಾನಗಳ ನಂತರ, 1941ರಲ್ಲಿ, ಲೋಹವನ್ನು ಕಡೆಯುವ ಲೇತ್ ಯಂತ್ರಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಸಾವಿರಾರು ಕುಟುಂಬಗಳಿಗೆ ಅನ್ನ ನೀಡಿದ ಆ ಕಾರ್ಖಾನೆ ಮುಚ್ಚಿಹೋಗಿದೆ. ಕಂಬಗಳು ನಿಂತಿವೆ.

ದೋಸೆ ಮತ್ತು ಮಂಡಕ್ಕಿ

ಹತ್ತಿಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಗಿರಣಿಗಳ ಸದ್ದು ಅಡಗಿದರೂ ಬೆಣ್ಣೆದೋಸೆ ಊರಿನ ಹೆಸರನ್ನು ಉಳಿಸಿದೆ. 1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬುವರು ನಾಟಕಮಂದಿರದ ಬಳಿ ರಾಗಿ ದೋಸೆ ಮಾರತೊಡಗಿದರೆಂದೂ, ಅಕ್ಕಿಹಿಟ್ಟಿನ ಬೆಣ್ಣೆದೋಸೆ ಅವರ ಮಕ್ಕಳ ಕಾಲದಲ್ಲಿ ರೂಪುಗೊಂಡಿತೆಂದೂ ಪ್ರತೀತಿ. ಅಕ್ಕಿ, ಉದ್ದಿನೊಡನೆ ಮಂಡಕ್ಕಿಯನ್ನೂ ರುಬ್ಬಿ, ಸೌದೆಯ ಒಲೆಯ ಮೇಲೆ ಬೇಯಿಸಿ, ಕಾಯಿಚಟ್ನಿ ಮತ್ತು ಆಲೂಗಡ್ಡೆ ಪಲ್ಯದೊಡನೆ ಬಡಿಸುವುದು ಇಲ್ಲಿನ ಪದ್ಧತಿ. ಮಳೆಯಲ್ಲಿ ಆ ಒಲೆಯ ಬಳಿಯ ಆಸನಕ್ಕೆ ಬೇಡಿಕೆ ಹೆಚ್ಚು.

ಸಂಜೆಯ ವೇಳೆಗೆ ಪಿ.ಜೆ. ಬಡಾವಣೆಯ ರಾಮ್ ಅಂಡ್ ಕೋ ವೃತ್ತದ ಸುತ್ತಮುತ್ತ ಮಂಡಕ್ಕಿ-ಮೆಣಸಿನಕಾಯಿಗೆ ಜನ ಸೇರುತ್ತಾರೆ. ಆದರೆ ಮಂಡಕ್ಕಿ ಮಾಡುವವರಿಗೆ ಮಳೆ ಹಿತಕರವಲ್ಲ. ಭತ್ತವನ್ನು ನೆನೆಸಿ, ಬೇಯಿಸಿ, ಬಿಸಿಲಿನಲ್ಲಿ ಒಣಗಿಸಿದ ಮೇಲಷ್ಟೇ ಅಕ್ಕಿ ಕಾದ ಮರಳಿನಲ್ಲಿ ಅರಳುತ್ತದೆ. ಬಿಸಿಲಿಲ್ಲದಿದ್ದರೆ ಭಟ್ಟಿಗೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕೂಲಿಯಿಲ್ಲ. ತಿನ್ನುವವರ ಬೇಡಿಕೆ ಏರುವ ದಿನವೇ ಮಾಡುವವರ ಕೈ ಕಟ್ಟಿಹಾಕಿದಂತಾಗುತ್ತದೆ.

ರಂಗಭೂಮಿ ಮತ್ತು ಚಿತ್ರಕಲೆ

ದಾವಣಗೆರೆ ವೃತ್ತಿ ರಂಗಭೂಮಿಯ ತವರುಗಳಲ್ಲೊಂದು. ಚಿಂದೋಡಿ ವೀರಪ್ಪ ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಅವರ ಮಗಳು ಚಿಂದೋಡಿ ಲೀಲಾ ಅದನ್ನು ನಾಡಿನಾದ್ಯಂತ ಕೊಂಡೊಯ್ದು, 1988ರಲ್ಲಿ ಪದ್ಮಶ್ರೀ ಪಡೆದು, 2010ರಲ್ಲಿ ನಿಧನರಾದರು. ತಗಡಿನ ಸೂರಿನ ಕಂಪನಿಗಳಿಗೆ ಮಳೆಗಾಲ ಎಂದೂ ಕಷ್ಟದ ಕಾಲವೇ. ಮಳೆಯ ಸದ್ದಿಗೆ ಮಾತು ಕೇಳಿಸದು. ಪ್ರೇಕ್ಷಕರು ಬಾರದಿದ್ದರೆ ಕಲಾವಿದರ ಸಂಬಳಕ್ಕೂ ಸಂಚಕಾರ. ನಗರದಲ್ಲಿ ಕಂಪನಿಯ ಮೊಕ್ಕಾಂ ಇದ್ದಾಗ ಅಥವಾ ಸಭಾಂಗಣಗಳಲ್ಲಿ ಪ್ರಯೋಗವಿದ್ದಾಗ ಮಳೆಯ ದಿನವೇ ಟಿಕೆಟ್ ಕೊಳ್ಳುವುದು ಹೆಚ್ಚು ಅರ್ಥಪೂರ್ಣ.

1964ರಲ್ಲಿ ಆರಂಭವಾಗಿ ಈಗ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿರುವ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಪ್ರದರ್ಶನಗಳಿದ್ದಾಗ ವಿದ್ಯಾರ್ಥಿಗಳ ಚಿತ್ರಗಳನ್ನು ಕಾಣಬಹುದು. ಲಾಲ್‌ಬಾಗಿನ ಮಾದರಿಯಲ್ಲಿ ಕುಂದವಾಡ ಕೆರೆಯ ಸಮೀಪ ನಿರ್ಮಿಸಿರುವ ಗಾಜಿನ ಮನೆ ಮಕ್ಕಳಿಗೆ ಮೆಚ್ಚುಗೆಯಾಗುತ್ತದೆ.

ಮನೆಯೊಳಗಿನ ಆಟಗಳು

ಹೊರಗೆ ಕಾಲಿಡಲಾಗದಷ್ಟು ಮಳೆಯಿದ್ದರೆ ಹಜಾರದ ನೆಲವೇ ಸಾಕು. ಚೌಕಾಬಾರಕ್ಕೆ ಸೀಮೆಸುಣ್ಣದಿಂದ ಬರೆದ 25 ಮನೆಗಳು, ನಾಲ್ವರು ಆಟಗಾರರು, ತಲಾ ನಾಲ್ಕು ಕಾಯಿ ಮತ್ತು ನಾಲ್ಕು ಕವಡೆ ಬೇಕು. ಕವಡೆಗಳೆಲ್ಲ ಅಂಗಾತ ಬಿದ್ದರೆ ನಾಲ್ಕು, ಎಲ್ಲವೂ ಬೋರಲಾದರೆ ಎಂಟು. ಅಳಗುಳಿ ಮಣೆಯಲ್ಲಿ ಏಳು ಗುಳಿಗಳ ಎರಡು ಸಾಲುಗಳಿದ್ದು, ಹುಣಸೆ ಬೀಜಗಳನ್ನು ಹಂಚುತ್ತಾ ಸಾಗುವ ಆಟ ಮಕ್ಕಳಿಗೆ ಎಣಿಕೆಯನ್ನೂ ಮುಂದಾಲೋಚನೆಯನ್ನೂ ಕಲಿಸುತ್ತದೆ. ಆಡುವ ಹಿರಿಯರು ಮನೆಯಲ್ಲಿರುವಾಗಲೇ ಇವುಗಳ ನಿಯಮಗಳನ್ನು ಕಲಿತುಕೊಳ್ಳುವುದು ಒಳಿತು.

ಗಮನಿಸಬೇಕಾದವು

ದೇವಾಲಯಕ್ಕೆ ಹೋಗುವವರು ಮಧ್ಯಾಹ್ನ ಬಾಗಿಲು ಹಾಕುವ ವೇಳೆಯನ್ನು ವಿಚಾರಿಸಿಕೊಂಡು ಹೊರಡಬೇಕು. ನೆನೆದ ಕಲ್ಲುಹಾಸು ಜಾರುತ್ತದೆ. ಹರಿಹರದಲ್ಲಿ ಮಳೆ ನಿಂತಿತೆಂದು ನದಿಗೆ ಇಳಿಯುವುದು ಅಪಾಯಕರ. ತುಂಗಭದ್ರೆಯ ನೀರು ಏರುವುದು ಮಲೆನಾಡಿನ ಮಳೆಯಿಂದ. ಇಲ್ಲಿ ಬಿಸಿಲಿದ್ದಾಗಲೂ ಹೊಳೆ ತುಂಬಿ ಬರಬಹುದು.